ಪೇಷಂಟ್ ಕಡೆಯವರು ಯಾರು?

ದೊಡ್ಡ ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಅರ್ಧ ಗಂಟೆ ನಿಂತರೆ ಒಂದು ಕೂಗು ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಾದರೆ ‘ಪೇಷಂಟ್ ಕಡೆಯವರು ಯಾರು?’ ಚೆನ್ನೈಯಲ್ಲಾದರೆ ‘ಪೇಷಂಟ್ ಕೂಡ ಯಾರು ವಂದಿರುಕ್ಕಾಂಗ?’ ಭಾಷೆ ಬೇರೆ, ಧಾಟಿ ಒಂದೇ. ಕೂಗಿಗೆ ಓಗೊಟ್ಟು ಒಬ್ಬ ಮಗನೋ, ಹೆಂಡತಿಯೋ, ಪಕ್ಕದ ಮನೆಯವರೋ ಮುಂದೆ ಬರುತ್ತಾರೆ. ಅಲ್ಲಿಂದ ಅವರಿಗೆ ಕೆಲಸ ಶುರು. ರಕ್ತದ ಸ್ಯಾಂಪಲ್ಲನ್ನು ಲ್ಯಾಬಿಗೆ ಒಯ್ಯಬೇಕು. ಟ್ರಾಲಿ ತಳ್ಳಿಕೊಂಡು ಸ್ಕ್ಯಾನಿಂಗಿಗೆ ಹೋಗಬೇಕು. ಸ್ಟ್ಯಾಂಡ್ ಸಿಗದಿದ್ದರೆ ಗ್ಲುಕೋಸ್ ಬಾಟಲಿಯನ್ನು ಕೈಯಲ್ಲೇ ಎತ್ತಿ ಹಿಡಿಯಬೇಕು. ರೋಗಿ ವಾಂತಿ ಮಾಡಿಕೊಂಡರೆ ಒರೆಸಬೇಕು, ಬಟ್ಟೆ ಬದಲಿಸಬೇಕು, ನೀರು ಕುಡಿಸಬೇಕು, ಮೂತ್ರದ ಚೀಲ ತುಂಬಿತೇ ಎಂದು ನೋಡುತ್ತಿರಬೇಕು.

ಎಮರ್ಜೆನ್ಸಿಯಲ್ಲಿ ರೋಗಿಯ ಮೈಯನ್ನು ಅತಿ ಹೆಚ್ಚು ಹೊತ್ತು ಮುಟ್ಟುವವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಈ ‘ಕಡೆಯವರು’. ಆದರೆ ಆಸ್ಪತ್ರೆಯ ಸೋಂಕು ತಡೆಯ ಲೆಕ್ಕದಲ್ಲಿ ಇವರ ಹೆಸರಿಲ್ಲ. ಕೈ ತೊಳೆಯುವ ತರಬೇತಿ ಇರುವುದು ಸಿಬ್ಬಂದಿಗೆ. ಕೈಗವಸು, ಮಾಸ್ಕು ಎಣಿಸುವುದು ಸಿಬ್ಬಂದಿಯ ತಲೆ ಲೆಕ್ಕದಲ್ಲಿ. ಹೆಪಟೈಟಿಸ್ ಬಿ ಲಸಿಕೆ, ಸೂಜಿ ಚುಚ್ಚಿಕೊಂಡರೆ ಏನು ಮಾಡಬೇಕೆಂಬ ನಿಯಮ, ಎಲ್ಲವೂ ಸಿಬ್ಬಂದಿಗೆ. ಸಂಬಳವಿಲ್ಲದೆ ಅದೇ ಕೆಲಸದ ಅರ್ಧ ಹೊರುವವರಿಗೆ ಸಿಗುವುದು ಗೋಡೆಯ ಮೇಲಿನ ಒಂದು ಪೋಸ್ಟರ್ ಮತ್ತು ಸೆಕ್ಯುರಿಟಿಯವರ ‘ಹೊರಗೆ ಹೋಗ್ರೀ’.

ಈ ಬರಹದಲ್ಲಿ ನಾನು ವಾದಿಸಲು ಹೊರಟಿರುವುದು ಇಷ್ಟು: ಕಿಕ್ಕಿರಿದ ಎಮರ್ಜೆನ್ಸಿಯಲ್ಲಿ ಸೋಂಕು ತಡೆಯಬೇಕಾದರೆ ಮೊದಲು ಈ ಕಡೆಯವರನ್ನು ಆಸ್ಪತ್ರೆಯ ಜನವೆಂದು ಎಣಿಸಬೇಕು. ಅವರನ್ನು ಎಣಿಸದೆ ಮಾಡುವ ಯಾವ ಏರ್ಪಾಟೂ ಅರ್ಧಕ್ಕೇ ನಿಲ್ಲುತ್ತದೆ.

ಚೆನ್ನೈಯೇ ಏಕೆ

ಚೆನ್ನೈಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತಿರುವುದು ಅಲ್ಲಿ ಪರಿಸ್ಥಿತಿ ಕೆಟ್ಟಿದೆ ಎಂದಲ್ಲ. ದೇಶದಲ್ಲಿ ಸರ್ಕಾರಿ ತುರ್ತು ಚಿಕಿತ್ಸೆಯನ್ನು ತಲೆಕೆಡಿಸಿಕೊಂಡು ಕಟ್ಟಿದ ಕೆಲವೇ ಊರುಗಳಲ್ಲಿ ಅದೂ ಒಂದು. ಸೆಂಟ್ರಲ್ ರೈಲು ನಿಲ್ದಾಣದ ಎದುರಿಗಿರುವ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ, ಜನರ ಬಾಯಲ್ಲಿ ಇಂದಿಗೂ ಬರೀ ‘ಜಿಎಚ್’, ತನ್ನ ಹುಟ್ಟನ್ನು 1664ರಿಂದ ಎಣಿಸುತ್ತದೆ. ಈಸ್ಟ್ ಇಂಡಿಯಾ ಕಂಪನಿ ಸೇಂಟ್ ಜಾರ್ಜ್ ಕೋಟೆಯೊಳಗೆ ತನ್ನ ಸಿಪಾಯಿಗಳಿಗೆಂದು ತೆರೆದ ಚಿಕ್ಕ ಆಸ್ಪತ್ರೆಯ ಮುಂದುವರಿಕೆ ಅದು. ಮೈಸೂರಿನಿಂದ, ಬೆಂಗಳೂರಿನಿಂದ, ಬಂಗಾರಪೇಟೆಯಿಂದ ರೈಲು ಹತ್ತಿದವರು ಸೆಂಟ್ರಲ್‌ನಲ್ಲಿ ಇಳಿದರೆ ರಸ್ತೆಯ ಆಚೆ ಬದಿಯಲ್ಲೇ ಆಸ್ಪತ್ರೆ. ಕೋಲಾರ, ಕೆಜಿಎಫ್ ಕಡೆಯ ಕನ್ನಡದ ಮನೆಗಳಿಗೆ ಮದರಾಸಿನ ದೊಡ್ಡಾಸ್ಪತ್ರೆ ಹೊಸದೇನಲ್ಲ. ಆಂಧ್ರದ ನೆಲ್ಲೂರು, ಚಿತ್ತೂರಿನವರಿಗೂ ಅಷ್ಟೆ. ಕಟ್ಟಡದ ಕೆಲಸಕ್ಕೆ ಬಂದ ಬಿಹಾರ, ಒಡಿಶಾ, ಬಂಗಾಳದ ಹುಡುಗರು ಮೇಲಿನಿಂದ ಬಿದ್ದರೂ ಅವರನ್ನು ತರುವುದು ಇಂಥ ಬಾಗಿಲಿಗೇ.

ತಮಿಳುನಾಡು ಅಪಘಾತ ಮತ್ತು ತುರ್ತು ಚಿಕಿತ್ಸೆಗೆಂದೇ ಒಂದು ಪ್ರತ್ಯೇಕ ಯೋಜನೆ ಮಾಡಿಕೊಂಡಿದೆ. ‘ಟೇಯ್’ ಎಂಬ ಚಿಕ್ಕ ಹೆಸರಿನ ಈ ಯೋಜನೆಯಲ್ಲಿ ರೋಗಿ ಬಾಗಿಲಿಗೆ ಬಂದ ಕೂಡಲೇ ಅವನನ್ನು ಬಣ್ಣದಿಂದ ವಿಂಗಡಿಸುತ್ತಾರೆ. ಈಗಲೇ ನೋಡದಿದ್ದರೆ ಜೀವ ಹೋಗುವವನು ಕೆಂಪು. ಸ್ವಲ್ಪ ಹೊತ್ತು ತಡೆಯಬಲ್ಲವನು ಹಳದಿ. ಕಾಯಬಲ್ಲವನು ಹಸಿರು. 2021ರ ಡಿಸೆಂಬರ್‌ನಲ್ಲಿ ಬಂದ ಇನ್ನೊಂದು ಯೋಜನೆಯಂತೆ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ ಖಾಸಗಿ ಆಸ್ಪತ್ರೆಗಳಲ್ಲೂ ಉಚಿತ ಚಿಕಿತ್ಸೆ ಸಿಗುತ್ತದೆ. ನಮ್ಮ ಕರ್ನಾಟಕವೂ ಕಲಿಯಬೇಕಾದ ಕೆಲಸಗಳಿವು.

ಈ ಬಣ್ಣದ ವಿಂಗಡಣೆ ಕೇಳುವುದು ಒಂದೇ ಪ್ರಶ್ನೆ: ಇವನಿಗೆ ಎಷ್ಟು ಬೇಗ ಡಾಕ್ಟರ್ ಬೇಕು? ಜೀವ ಉಳಿಸುವುದಕ್ಕೆ ಅದು ಸರಿಯಾದ ಪ್ರಶ್ನೆಯೇ. ಆದರೆ ಇನ್ನೊಂದು ಪ್ರಶ್ನೆ ಅಲ್ಲೇ ಉಳಿದುಬಿಡುತ್ತದೆ: ಇವನಿಂದ ಪಕ್ಕದವನಿಗೆ ಏನಾದರೂ ಹತ್ತಬಹುದೇ?

ಎರಡು ವಾರದಿಂದ ಕೆಮ್ಮು, ಸಂಜೆ ಜ್ವರ ಎಂದು ಒಬ್ಬ ನಡೆದುಕೊಂಡೇ ಬಂದ ಎನ್ನಿ. ಉಸಿರಾಟ ಸರಿಯಿದೆ, ಬಿಪಿ ಸರಿಯಿದೆ, ಮಾತಾಡುತ್ತಾನೆ. ಅವನು ಹಸಿರು. ಹಸಿರಾದ್ದರಿಂದ ಎಲ್ಲರಿಗಿಂತ ಹೆಚ್ಚು ಹೊತ್ತು ಕಾಯುತ್ತಾನೆ. ಕಾಯುವುದು ಎಲ್ಲಿ? ಜನ ಅತಿ ಹೆಚ್ಚು ತುಂಬಿರುವ ಬೆಂಚಿನ ಮೇಲೆ. ಅವನ ಎಡಕ್ಕೆ ಸಕ್ಕರೆ ಕಾಯಿಲೆಯ ಅಜ್ಜಿ, ಬಲಕ್ಕೆ ಕ್ಯಾನ್ಸರಿನ ಔಷಧ ತೆಗೆದುಕೊಳ್ಳುತ್ತಿರುವ ಹೆಂಗಸು, ಎದುರಿಗೆ ಮಗುವನ್ನೆತ್ತಿಕೊಂಡ ತಾಯಿ. ಅವನಿಗಿರುವುದು ಕ್ಷಯವಾಗಿದ್ದರೆ, ತುರ್ತು ಕಡಿಮೆಯಿದ್ದಷ್ಟೂ ಅವನಿಂದ ಇತರರಿಗಾಗುವ ಅಪಾಯ ಹೆಚ್ಚುತ್ತದೆ. ವಿಂಗಡಣೆ ತಪ್ಪೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಎರಡನೆಯ ಕಣ್ಣೊಂದು ಬೇಕು ಅನ್ನುತ್ತಿದ್ದೇನೆ.

ಮೂರು ದಿನ, 82 ಜನ

ಹೀಗೆ ಬೆಂಚಿನ ಮೇಲೆ ಕೂತವನೊಬ್ಬನಿಂದ ಏನಾಗಬಹುದೆಂಬುದಕ್ಕೆ ಲೋಕದಲ್ಲಿ ಅತಿ ವಿವರವಾಗಿ ದಾಖಲಾದ ಪ್ರಸಂಗ ನಡೆದದ್ದು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ. 2015ರ ಮೇ 27ರಂದು ಅಲ್ಲಿನ ಸ್ಯಾಮ್ಸಂಗ್ ಮೆಡಿಕಲ್ ಸೆಂಟರಿನ ಎಮರ್ಜೆನ್ಸಿಗೆ ನ್ಯುಮೋನಿಯಾದ ರೋಗಿಯೊಬ್ಬ ಬಂದ. ಮೊದಲು ದಾಖಲಾಗಿದ್ದ ಇನ್ನೊಂದು ಆಸ್ಪತ್ರೆಯಲ್ಲಿ ಅವನಿಗೆ ಮೆರ್ಸ್ ವೈರಸ್ ತಗುಲಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಮೇ 29ರವರೆಗೆ ಅವನು ಆ ಕಿಕ್ಕಿರಿದ ಎಮರ್ಜೆನ್ಸಿಯಲ್ಲೇ ಇದ್ದ. ಆ ಒಬ್ಬನಿಂದ 82 ಜನರಿಗೆ ಸೋಂಕು ಹರಡಿತು.

ಆ 82ರ ಒಳಲೆಕ್ಕ ನೋಡಿ. 33 ಮಂದಿ ಇತರ ರೋಗಿಗಳು. 8 ಮಂದಿ ಆಸ್ಪತ್ರೆಯ ಸಿಬ್ಬಂದಿ. ಉಳಿದ 41 ಮಂದಿ ರೋಗಿಗಳ ಜೊತೆಗಿದ್ದವರು, ನೋಡಲು ಬಂದವರು. ಅಂದರೆ ಸರಿಯಾಗಿ ಅರ್ಧದಷ್ಟು ಜನ ‘ಕಡೆಯವರು’. ಅದು ಬಡ ಆಸ್ಪತ್ರೆಯೇನಲ್ಲ. ಕೊರಿಯಾದ ಅತಿ ಹೆಸರುವಾಸಿ ಆಸ್ಪತ್ರೆಗಳಲ್ಲಿ ಒಂದು. ಯಂತ್ರ, ಔಷಧ, ಪರಿಣತರು ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಕಾಯಿಲೆಯವರ ಜೊತೆ ಮನೆಯವರೇ ಇದ್ದು ನೋಡಿಕೊಳ್ಳುವ ರೂಢಿ ನಮ್ಮ ಹಾಗೆ ಅಲ್ಲೂ ಇತ್ತು.

ಸೋಲ್ ದೂರವಾಯಿತು ಅನ್ನುವವರಿಗೆ ಕೋಳಿಕ್ಕೋಡ್ ಇದೆ. 2018ರ ಮೇ ತಿಂಗಳಲ್ಲಿ ಕೇರಳದಲ್ಲಿ ನಿಪಾ ಕಾಣಿಸಿಕೊಂಡಾಗ ಅದನ್ನು ಮೊದಲು ಪತ್ತೆ ಹಚ್ಚಿದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರ. ಮೊದಲ ರೋಗಿ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಗೆ ಬಂದಿದ್ದ. ಅಲ್ಲಿ ಅವನ ಆರೈಕೆ ಮಾಡಿದ ನರ್ಸ್ ಲಿನಿ ಅದೇ ಸೋಂಕಿನಿಂದ ತೀರಿಕೊಂಡರು. ಅವರನ್ನು ದೇಶ ನೆನಪಿಟ್ಟುಕೊಂಡಿದೆ, ಇಟ್ಟುಕೊಳ್ಳಲೇಬೇಕು. ನಾವು ಅಷ್ಟಾಗಿ ನೆನಪಿಡದ ಸಂಗತಿ ಇನ್ನೊಂದಿದೆ. ಆ ರೋಗಿಯನ್ನು ಕೋಳಿಕ್ಕೋಡ್ ಮೆಡಿಕಲ್ ಕಾಲೇಜಿಗೆ ಒಯ್ದಾಗ ಸ್ಕ್ಯಾನಿಂಗಿಗಾಗಿ ರೇಡಿಯಾಲಜಿ ವಿಭಾಗದ ಮುಂದಿನ ಕಾರಿಡಾರಿನಲ್ಲಿ ಕಾಯಬೇಕಾಯಿತು. ಅದೇ ಕಾರಿಡಾರಿನಲ್ಲಿ ತಮ್ಮ ಪಾಡಿಗೆ ತಾವು ಬೇರೆ ಕೆಲಸಕ್ಕೆ ಬಂದು ನಿಂತಿದ್ದವರಲ್ಲಿ ಹಲವರಿಗೆ ಸೋಂಕು ತಗುಲಿತು. ಅವರ ಪೈಕಿ ಬೇರೆ ರೋಗಿಗಳ ಕಡೆಯವರೂ ಇದ್ದರು.

ಅದಕ್ಕೂ ಮೊದಲು, 2001ರಲ್ಲಿ, ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ 66 ಮಂದಿಗೆ ಕಾಯಿಲೆ ಬಂತು. ಅವರಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಯ ಸಿಬ್ಬಂದಿ, ಇಲ್ಲವೇ ರೋಗಿಗಳನ್ನು ನೋಡಿಕೊಂಡವರು, ನೋಡಲು ಹೋದವರು. ಅದು ನಿಪಾ ಎಂದು ಗೊತ್ತಾಗಿದ್ದು ವರ್ಷಗಳ ನಂತರ. ಸೋಲ್, ಕೋಳಿಕ್ಕೋಡ್, ಸಿಲಿಗುರಿ ಮೂರೂ ಕಡೆ ಒಂದೇ ಕತೆ. ಕಾಯಿಲೆ ಏನೆಂದು ತಿಳಿಯುವ ಮೊದಲೇ ಅದು ಹರಡಿಯಾಗಿತ್ತು, ಹರಡಿದ್ದು ಕಾಯುವ ಜಾಗದಲ್ಲಿ, ತಗುಲಿದ್ದು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದವರಿಗೂ.

ಮದರಾಸು ಕಲಿಸಿದ್ದ ಪಾಠ

ಪತ್ತೆಯಾಗುವ ಮೊದಲಿನ ಹೊತ್ತೇ ಅಪಾಯದ ಹೊತ್ತು ಎಂಬ ಮಾತನ್ನು ಲೋಕಕ್ಕೆ ಕಲಿಸಿದ ಊರುಗಳಲ್ಲಿ ಚೆನ್ನೈಯೂ ಒಂದು. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಅಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವೊಂದನ್ನು ತೆರೆದವು. ಚೆಟ್‌ಪೆಟ್‌ನಲ್ಲಿರುವ ಇಂದಿನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ ಅದೇ. ಆ ಕಾಲಕ್ಕೆ ಕ್ಷಯ ಬಂದವರನ್ನು ಸ್ಯಾನಟೋರಿಯಂಗೆ ಸೇರಿಸಬೇಕು, ಮನೆಯಲ್ಲಿಟ್ಟರೆ ಮನೆಮಂದಿಗೆಲ್ಲ ಹತ್ತುತ್ತದೆ ಎಂದೇ ನಂಬಿಕೆ. ಮದರಾಸಿನ ವಿಜ್ಞಾನಿಗಳು ಒಂದು ಗುಂಪಿನ ರೋಗಿಗಳನ್ನು ಸ್ಯಾನಟೋರಿಯಂನಲ್ಲಿಟ್ಟು, ಇನ್ನೊಂದು ಗುಂಪಿಗೆ ಇಕ್ಕಟ್ಟಾದ ತಮ್ಮ ಮನೆಗಳಲ್ಲೇ ಔಷಧ ಕೊಟ್ಟು ಹೋಲಿಸಿದರು. 1959ರಲ್ಲಿ ಫಲಿತಾಂಶ ಹೊರಬಂತು: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಅವರ ಮನೆಯವರನ್ನು ವರ್ಷಗಟ್ಟಲೆ ಗಮನಿಸಿದಾಗ, ರೋಗಿಯನ್ನು ಮನೆಯಲ್ಲಿಟ್ಟುಕೊಂಡದ್ದರಿಂದ ಅವರಿಗೆ ಹೆಚ್ಚಿನ ಅಪಾಯವೇನೂ ಆಗಿರಲಿಲ್ಲ. ಅವರಿಗೆ ಅಪಾಯವಿದ್ದದ್ದು ಕಾಯಿಲೆ ಪತ್ತೆಯಾಗಿ ಔಷಧ ಶುರುವಾಗುವ ಮೊದಲು.

ಲೋಕದ ಎಷ್ಟೋ ದೇಶಗಳು ಸ್ಯಾನಟೋರಿಯಂಗಳನ್ನು ಮುಚ್ಚಲು ದಾರಿಯಾದದ್ದು ಈ ಅಧ್ಯಯನ. ಅದರ ಅರ್ಥವನ್ನು ಎಮರ್ಜೆನ್ಸಿಯ ಬಾಗಿಲಿಗೆ ತಂದು ನೋಡಿ. ‘ಟಿಬಿ ವಾರ್ಡ್’ ಎಂದು ಬೋರ್ಡ್ ಹಾಕಿರುವ ಕಡೆ ಎಲ್ಲರೂ ಮೂಗು ಮುಚ್ಚಿಕೊಂಡು ಓಡುತ್ತಾರೆ. ಅಲ್ಲಿರುವವರು ಔಷಧ ಶುರುಮಾಡಿದವರು. ಬೋರ್ಡಿಲ್ಲದ ಕಾಯುವ ಕೋಣೆಯಲ್ಲಿ ಮಾತ್ರ ಯಾರಿಗೂ ಭಯವಿಲ್ಲ. ಇನ್ನೂ ಹೆಸರಿಡದ ಕಾಯಿಲೆಗಳೆಲ್ಲ ಸೇರುವುದು ಅಲ್ಲಿಯೇ.

ಕೈ, ನೀರು, ಸಮಯ

ಗಾಳಿಯಲ್ಲಿ ಹರಡುವ ಸೋಂಕಿನದು ಒಂದು ದಾರಿ. ಕೈಯಿಂದ ಕೈಗೆ ಹೋಗುವುದು ಇನ್ನೊಂದು. 2010ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಪ್ರಬಂಧ ದೇಶವನ್ನೇ ಕೆರಳಿಸಿತ್ತು. ಬಹುತೇಕ ಎಲ್ಲ ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನೂ ಮಣಿಸುವ ಎನ್‌ಡಿಎಂ-1 ಎಂಬ ಗುಣವಿದ್ದ ಬ್ಯಾಕ್ಟೀರಿಯಾದ 44 ಮಾದರಿಗಳು ಚೆನ್ನೈಯಲ್ಲಿ, 26 ಹರಿಯಾಣದಲ್ಲಿ, 37 ಬ್ರಿಟನ್ನಿನಲ್ಲಿ ಸಿಕ್ಕಿವೆ ಎಂದು ಅದು ಹೇಳಿತ್ತು. ಅದಕ್ಕೆ ‘ನವದೆಹಲಿ’ ಎಂಬ ಹೆಸರು ಸೇರಿದ್ದಕ್ಕೆ ಸಂಸತ್ತಿನಲ್ಲೂ ಸಿಟ್ಟು ವ್ಯಕ್ತವಾಯಿತು. ಸಿಟ್ಟು ಇಳಿದ ಮೇಲೆ, 2012ರ ಆಗಸ್ಟ್‌ನಲ್ಲಿ ದೇಶದ ಹಲವು ವೈದ್ಯ ಸಂಘಗಳು ಚೆನ್ನೈಯಲ್ಲೇ ಸೇರಿ ಏನು ಮಾಡಬೇಕೆಂದು ಒಂದು ದಾರಿ ಹಾಕಿದವು. ‘ಚೆನ್ನೈ ಘೋಷಣೆ’ ಎಂದು ಅದು ಹೆಸರಾಯಿತು. ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಕೊಡುವುದನ್ನು ತಡೆಯಬೇಕು ಎಂಬುದರ ಜೊತೆಗೆ ಆಸ್ಪತ್ರೆಗಳಲ್ಲಿ ಸೋಂಕು ತಡೆಯ ಏರ್ಪಾಟು ಗಟ್ಟಿಯಾಗಬೇಕು ಎಂದೂ ಅದು ಒತ್ತಿ ಹೇಳಿತು.

ಈ ಹಟಮಾರಿ ಬ್ಯಾಕ್ಟೀರಿಯಾಗಳಿಗೂ ಎಮರ್ಜೆನ್ಸಿಗೂ ನೇರ ನಂಟಿದೆ. ಐಸಿಯುಗೆ ಹೋಗುವ ಬಹಳಷ್ಟು ರೋಗಿಗಳಿಗೆ ನರಕ್ಕೆ ಸೂಜಿ, ಮೂತ್ರಕ್ಕೆ ನಳಿಕೆ, ಉಸಿರಿಗೆ ಟ್ಯೂಬು ಹಾಕುವುದು ಎಮರ್ಜೆನ್ಸಿಯಲ್ಲೇ. ಅವಸರದಲ್ಲಿ ಹಾಕುತ್ತಾರೆ. ಸೋಂಕು ಕಾಣಿಸಿಕೊಳ್ಳುವ ಹೊತ್ತಿಗೆ ರೋಗಿ ಮೇಲಿನ ವಾರ್ಡಿಗೆ ಹೋಗಿರುತ್ತಾನೆ, ಲೆಕ್ಕ ಅಲ್ಲಿ ಬೀಳುತ್ತದೆ. ಕೆಳಗಿನವರಿಗೆ ತಮ್ಮ ಕೈಯಿಂದ ಏನು ಹೋಯಿತೆಂಬುದು ತಿಳಿಯುವುದೇ ಇಲ್ಲ.

ಹಾಗಾದರೆ ಕೈ ತೊಳೆಯಲಿ ಅನ್ನಬಹುದು. ಲೆಕ್ಕ ಹಾಕಿ ನೋಡೋಣ. ಸ್ಯಾನಿಟೈಸರ್ ಹಚ್ಚಿ ಕೈ ಉಜ್ಜಿಕೊಳ್ಳುವುದಕ್ಕೆ 20ರಿಂದ 30 ಸೆಕೆಂಡು, ಸೋಪು ನೀರಿನಲ್ಲಿ ತೊಳೆಯುವುದಕ್ಕೆ 40ರಿಂದ 60 ಸೆಕೆಂಡು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಬ್ಬ ನರ್ಸ್ ಹತ್ತು ರೋಗಿಗಳನ್ನು ನೋಡಿಕೊಳ್ಳುತ್ತಿದ್ದಾಳೆ ಎನ್ನಿ. ಒಬ್ಬೊಬ್ಬರನ್ನು ಗಂಟೆಗೆ ಆರು ಸಲ ಮುಟ್ಟಬೇಕು ಎನ್ನಿ. ಅರವತ್ತು ಸಲ, ಪ್ರತಿ ಸಲ ಅರ್ಧ ನಿಮಿಷ. ಗಂಟೆಯಲ್ಲಿ ಅರ್ಧ ಗಂಟೆ ಕೈ ಉಜ್ಜುವುದಕ್ಕೇ ಹೋಯಿತು. ರೋಗಿಗಳು ಇಪ್ಪತ್ತಾದರೆ ಇಡೀ ಗಂಟೆ. ಅಂಥ ಪಾಳಿಯಲ್ಲಿ ಅವಳು ಕೈ ತೊಳೆಯದಿದ್ದರೆ ಅದು ಸೋಮಾರಿತನವಲ್ಲ, ಗಣಿತ. ಗ್ಲೌಸ್ ಹಾಕಿಕೊಂಡು ಅದೇ ಗ್ಲೌಸಿನಲ್ಲಿ ನಾಲ್ಕು ರೋಗಿಗಳನ್ನು ನೋಡಿ ಮುಗಿಸುವ ಅಭ್ಯಾಸ ಹುಟ್ಟುವುದು ಇಲ್ಲಿಯೇ. ಗ್ಲೌಸ್ ಆಗ ಅವಳನ್ನು ಕಾಯುತ್ತದೆ, ರೋಗಿಯನ್ನಲ್ಲ.

ನೀರಿನ ಮಾತನ್ನೂ ಮರೆಯಬಾರದು. 2019ರ ಬೇಸಿಗೆಯಲ್ಲಿ ಚೆನ್ನೈಗೆ ನೀರುಣಿಸುವ ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬಹುತೇಕ ಬತ್ತಿಹೋಗಿದ್ದವು. ಊರೇ ಟ್ಯಾಂಕರಿನ ಹಿಂದೆ ಓಡುತ್ತಿದ್ದಾಗ ‘ನಲವತ್ತು ಸೆಕೆಂಡು ಕೈ ತೊಳೆಯಿರಿ’ ಎಂಬ ಪೋಸ್ಟರ್ ಓದಿದರೆ ನಗು ಬರುವುದಿಲ್ಲವೇ? ಸಿಬ್ಬಂದಿಯ ಸಿಂಕಿನಲ್ಲಿ ಹೇಗೋ ನೀರು ಬರಬಹುದು. ಕಡೆಯವರ ಶೌಚಾಲಯದ ನಲ್ಲಿ ಹೇಗಿರುತ್ತದೆಂದು ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದವರಿಗೆ ನಾನು ಹೇಳಬೇಕಾಗಿಲ್ಲ.

ತೂಬು ಮುಚ್ಚಿದ ಕೆರೆ

ಜನಜಂಗುಳಿಗೆ ಕಾರಣ ಕೇಳಿದರೆ ಎಲ್ಲರೂ ಬಾಗಿಲಿನ ಕಡೆ ಕೈ ತೋರಿಸುತ್ತಾರೆ: ಜನ ಸುಮ್ಮಸುಮ್ಮನೆ ಬರುತ್ತಾರೆ, ನೆಗಡಿಗೂ ಬರುತ್ತಾರೆ, ಒಬ್ಬ ರೋಗಿಗೆ ಐದು ಜನ ಬರುತ್ತಾರೆ. ಸ್ವಲ್ಪ ನಿಜ. ಆದರೆ ಕೆರೆ ತುಂಬಿ ಕೋಡಿ ಬೀಳುವುದಕ್ಕೆ ಮಳೆಯೊಂದೇ ಕಾರಣವಲ್ಲ, ತೂಬು ಮುಚ್ಚಿದ್ದರೂ ತುಂಬುತ್ತದೆ. ಎಮರ್ಜೆನ್ಸಿಯಲ್ಲಿ ಜಾಗ ಹಿಡಿದಿರುವವರಲ್ಲಿ ಬಹಳ ಮಂದಿಯ ತುರ್ತು ಚಿಕಿತ್ಸೆ ಮುಗಿದಿರುತ್ತದೆ. ಅವರು ಕಾಯುತ್ತಿರುವುದು ಮೇಲಿನ ವಾರ್ಡಿನ ಬೆಡ್ಡಿಗೆ. ಮೇಲೆ ಬೆಡ್ ಖಾಲಿಯಾಗದಿರುವುದು ಬೆಳಗ್ಗೆಯೇ ಡಿಸ್ಚಾರ್ಜ್ ಎಂದವರ ಕಾಗದ ಸಂಜೆಗೆ ತಯಾರಾಗುವುದರಿಂದ, ಭಾನುವಾರ ದೊಡ್ಡ ಡಾಕ್ಟರ್ ರೌಂಡ್ಸ್‌ಗೆ ಬರದಿರುವುದರಿಂದ, ಮನೆಗೆ ಕಳಿಸಿದರೆ ಅಲ್ಲಿ ನೋಡಿಕೊಳ್ಳುವವರಿಲ್ಲದಿರುವುದರಿಂದ. ಕೆಳಗೆ ಟ್ರಾಲಿಯ ಮೇಲೆ ಒಬ್ಬ ರೋಗಿ ಹನ್ನೆರಡು ಗಂಟೆ ಹೆಚ್ಚಾಗಿ ಮಲಗಿದರೆ ಅವನ ಕಡೆಯವರೂ ಹನ್ನೆರಡು ಗಂಟೆ ಅಲ್ಲೇ ನಿಂತಿರುತ್ತಾರೆ. ಎರಡು ಟ್ರಾಲಿಗಳ ನಡುವೆ ಒಂದು ಮೀಟರಾದರೂ ಇರಬೇಕೆಂಬ ನಿಯಮ ಆಗ ಕಾಗದದಲ್ಲೇ ಉಳಿಯುತ್ತದೆ.

2021ರ ಮೇ ತಿಂಗಳಲ್ಲಿ ಕೋವಿಡ್‌ನ ಎರಡನೆಯ ಅಲೆಯ ಹೊತ್ತಿಗೆ ಜಿಎಚ್ ಮುಂದೆ ಆಂಬ್ಯುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದವು. ಒಳಗೆ ಬೆಡ್ ಇಲ್ಲದೆ ರೋಗಿಗಳು ವಾಹನದಲ್ಲೇ ಆಕ್ಸಿಜನ್ ಹಾಕಿಕೊಂಡು ಕಾಯುತ್ತಿದ್ದ ಚಿತ್ರಗಳನ್ನು ದೇಶವೇ ನೋಡಿತು. ಸಾಲು ರಸ್ತೆಯಲ್ಲಿದ್ದದ್ದರಿಂದ ಎಲ್ಲರ ಕಣ್ಣಿಗೆ ಬಿತ್ತು, ಸರ್ಕಾರ ಓಡಾಡಿತು. ಅದೇ ಸಾಲು ಒಳಗಿನ ಕಾರಿಡಾರಿನಲ್ಲಿದ್ದರೆ ನಮಗದು ಮಾಮೂಲಿ ದಿನ.

ಆ ಕಾರಿಡಾರಿನ ಗಾಳಿಯ ಬಗ್ಗೆ ಒಂದು ಮಾತು. ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ಅಳತೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಿಟಕಿ ಬಾಗಿಲು ತೆರೆದಿಟ್ಟ ಕೋಣೆಗಳಲ್ಲಿ ಗಂಟೆಗೆ ಸುಮಾರು 28 ಸಲ ಗಾಳಿ ಪೂರ್ತಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಹಾಯಿಸುವ ಕೋಣೆಗಳಲ್ಲಿ 12 ಸಲ. ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳಲ್ಲಂತೂ 40 ಸಲ. ಸೆಕೆಯ ಊರಾದ ಮದರಾಸಿನಲ್ಲಿ ಹಿಂದಿನವರು ಉದ್ದ ಜಗಲಿ, ಎತ್ತರದ ಕಿಟಕಿ ಇಟ್ಟು ಕಟ್ಟಿದ್ದು ತಂಪಿಗೆಂದು. ಅದು ಸೋಂಕು ತಡೆಗೂ ಒದಗುತ್ತಿತ್ತು. ಈಗ ಗಾಜು ಮುಚ್ಚಿ ಎಸಿ ಹಾಕಿ, ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತಿದ್ದೇವೆ. ದುಡ್ಡಿಲ್ಲದ ಆಸ್ಪತ್ರೆಗೂ ಕೈಗೆಟಕುವ ಮದ್ದೊಂದಿದ್ದರೆ ಅದು ತೆರೆದ ಕಿಟಕಿ.

ಓಡಿಸುವುದು ಸುಲಭ

‘ಕಡೆಯವರಿಂದಲೇ ಸೋಂಕು ಅನ್ನುವುದಾದರೆ ಅವರನ್ನು ಹೊರಗೆ ಕಳಿಸಿಬಿಡಿ’ ಎಂದು ನೀವು ಕೇಳಬಹುದು. ಎಷ್ಟೋ ಆಸ್ಪತ್ರೆಗಳು ಮಾಡಿರುವುದು ಅದನ್ನೇ. ಗೇಟಿಗೆ ಇಬ್ಬರು ಸೆಕ್ಯುರಿಟಿ, ಕೈಯಲ್ಲಿ ಲಾಠಿ. ಆದರೆ ಸ್ಯಾಂಪಲ್ ಒಯ್ಯುವವರಿಲ್ಲ, ಟ್ರಾಲಿ ತಳ್ಳುವವರಿಲ್ಲ ಎಂದಾಗ ಅದೇ ಸೆಕ್ಯುರಿಟಿಯವರೇ ‘ಪೇಷಂಟ್ ಕಡೆಯವರು ಯಾರು’ ಎಂದು ಕೂಗಬೇಕಾಗುತ್ತದೆ. ಹೊರಗಟ್ಟಿದವರನ್ನೇ ಮತ್ತೆ ಒಳಗೆ ಕರೆಯುವ ಈ ಆಟದಲ್ಲಿ ಒಬ್ಬರ ಬದಲು ಇನ್ನೊಬ್ಬರು, ಮತ್ತೊಬ್ಬರು ಒಳಗೆ ಹೋಗಿ ಬರುತ್ತಾರೆ. ಸೋಂಕಿಗೆ ಇದಕ್ಕಿಂತ ಒಳ್ಳೆಯ ಹಾದಿ ಬೇಕೇ?

ಇನ್ನೊಂದು ಕಷ್ಟ ಭಾಷೆಯದು. ಕನ್ನಡವೊಂದೇ ಬಲ್ಲ ಮುದುಕರು ಚೆನ್ನೈಯ ಟ್ರಾಲಿಯ ಮೇಲೆ ಮಲಗಿದ್ದರೆ, ಎಲ್ಲಿ ನೋವು, ಯಾವ ಮಾತ್ರೆ ಒಗ್ಗುವುದಿಲ್ಲ ಎಂದು ಹೇಳುವ ಬಾಯಿ ಜೊತೆಗೆ ಬಂದ ಮಗಳದು. ಅವಳನ್ನು ಹೊರಗೆ ಕಳಿಸುವುದೆಂದರೆ ರೋಗಿಯ ಬಾಯಿ ಕಟ್ಟಿದಂತೆ. ಬೆಂಗಳೂರಿನ ವಿಕ್ಟೋರಿಯಾಕ್ಕೆ ಬರುವ ತಮಿಳು, ತೆಲುಗು, ಬಂಗಾಳಿ ಮಾತಿನವರ ಪಾಡೂ ಇದೇ.

2024ರ ನವೆಂಬರ್ 13ರಂದು ಗಿಂಡಿಯ ಕಲೈಞರ್ ಶತಮಾನೋತ್ಸವ ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಯೊಬ್ಬರ ಮಗ ಡಾಕ್ಟರಿಗೆ ಚಾಕುವಿನಿಂದ ಇರಿದ. ಅದಾದ ಮೇಲೆ ರೋಗಿಗಳ ಜೊತೆಗಿರುವವರಿಗೆ ಬಣ್ಣದ ಕೈಪಟ್ಟಿ ಕೊಡುವ ಏರ್ಪಾಟನ್ನು ತಮಿಳುನಾಡು ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಶುರುಮಾಡಿತು. ಡಾಕ್ಟರುಗಳ ಭಯಕ್ಕೆ ಕಾರಣವಿದೆ, ಆ ಕ್ರಮವೂ ಬೇಕಾಗಿತ್ತು. ನನಗೆ ಎದ್ದು ಕಾಣುವುದು ಬೇರೆ: ಕಡೆಯವರನ್ನು ಎಣಿಸಲು ಸಾಧ್ಯ ಎಂದು ಆ ಕೈಪಟ್ಟಿ ತೋರಿಸಿಕೊಟ್ಟಿತು. ಚಾಕುವಿನ ಭಯಕ್ಕೆ ಎಣಿಸಲು ಆಗುವುದಾದರೆ ಸೋಂಕಿನ ಭಯಕ್ಕೂ ಎಣಿಸಬಹುದು. ಆ ಪಟ್ಟಿಯ ಜೊತೆ ಹೆಸರು, ಫೋನ್ ನಂಬರ್ ಬರೆದುಕೊಂಡರೆ, ನಾಳೆ ಟ್ರಾಲಿಯ ಮೇಲಿನವನಿಗೆ ದಡಾರವೋ ನಿಪಾವೋ ಎಂದು ಗೊತ್ತಾದಾಗ ಪಕ್ಕದಲ್ಲಿ ನಿಂತಿದ್ದವರು ಯಾರೆಂದು ಹುಡುಕಬಹುದು. ದಡಾರದ ವೈರಸ್, ರೋಗಿ ಎದ್ದುಹೋದ ಎರಡು ಗಂಟೆಯವರೆಗೂ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಈಗಿನ ಸ್ಥಿತಿಯಲ್ಲಿ ಆ ಎರಡು ಗಂಟೆ ಅಲ್ಲಿದ್ದವರ ಸುಳಿವು ಯಾರ ಬಳಿಯೂ ಇರುವುದಿಲ್ಲ.

ಮೆರ್ಸ್‌ನ ಪೆಟ್ಟು ತಿಂದ ಕೊರಿಯಾ ಎಮರ್ಜೆನ್ಸಿಯೊಳಗೆ ರೋಗಿಗೆ ಒಬ್ಬರೇ ಎಂದು ಕಾನೂನಿನಲ್ಲೇ ಮಿತಿ ಹಾಕಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ವಾರ್ಡುಗಳಲ್ಲಿ ಮನೆಯವರು ಮಾಡುತ್ತಿದ್ದ ಆರೈಕೆಯನ್ನು ಆಸ್ಪತ್ರೆಯ ನರ್ಸ್‌ಗಳೇ ಮಾಡುವ ವ್ಯವಸ್ಥೆಯನ್ನು ಸರ್ಕಾರದ ವಿಮೆಯ ಹಣದಲ್ಲಿ ಹಿಗ್ಗಿಸುತ್ತ ಹೋಯಿತು. ಮನೆಯವರನ್ನು ಕಳಿಸಬೇಕಾದರೆ ಅವರ ಕೆಲಸಕ್ಕೆ ಬೇರೆಯವರನ್ನು ಇಡಬೇಕು ಎಂಬ ಸರಳ ನ್ಯಾಯ ಅದರಲ್ಲಿದೆ.

ಆಗಬೇಕಾದದ್ದು

ಹಾಗಾಗಿ ನಮ್ಮ ಆಸ್ಪತ್ರೆಗಳಿಂದ, ಚೆನ್ನೈಯದಿರಲಿ ಕಲಬುರಗಿಯದಿರಲಿ, ನಾವು ಕೇಳಬೇಕಾದದ್ದು ದೊಡ್ಡ ಯಂತ್ರಗಳನ್ನಲ್ಲ.

ಬಾಗಿಲಲ್ಲಿ ಬಣ್ಣ ಕೊಡುವ ನರ್ಸ್ ಇನ್ನೂ ಮೂರು ಮಾತು ಕೇಳಲಿ: ಜ್ವರ ಇದೆಯೇ, ಕೆಮ್ಮು ಎಷ್ಟು ದಿನದಿಂದ, ಮೈಮೇಲೆ ಗುಳ್ಳೆ ಎದ್ದಿದೆಯೇ. ಹೌದೆಂದವರಿಗೆ ಆಗಲೇ ಒಂದು ಮಾಸ್ಕ್, ಕಿಟಕಿ ಪಕ್ಕದ ಬೇರೆ ಬೆಂಚು. ಜೊತೆಗೆ ಬಂದವರನ್ನೂ ಅದೇ ಮಾತು ಕೇಳಲಿ, ಏಕೆಂದರೆ ಕೆಮ್ಮುವವರು ಅವರೂ ಆಗಿರಬಹುದು.

ರೋಗಿಗೆ ಒಬ್ಬರು ಎಂಬ ಮಿತಿ ಇರಲಿ. ಆದರೆ ಉಳಿದವರಿಗೆ ಹೊರಗೆ ನೆರಳು, ಕೂರಲು ಜಾಗ, ಕುಡಿಯುವ ನೀರು, ಶೌಚಾಲಯ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಸುದ್ದಿ ಸಿಗಲಿ. ಜನ ಒಳಗೆ ನುಗ್ಗುವುದು ಬಹುಪಾಲು ತಮ್ಮವರು ಹೇಗಿದ್ದಾರೆಂದು ಯಾರೂ ಹೇಳದಿರುವುದರಿಂದ. ಗಂಟೆಗೊಮ್ಮೆ ಒಬ್ಬರು ಹೊರಗೆ ಬಂದು ಹೆಸರು ಕರೆದು ಎರಡು ಮಾತು ಹೇಳಿದರೆ ಗೇಟಿನ ನೂಕುನುಗ್ಗಲು ಎಷ್ಟೋ ಕಡಿಮೆಯಾಗುತ್ತದೆ. ಲಾಠಿಗಿಂತ ಅಗ್ಗವಾದ ಉಪಾಯ ಅದು.

ಸ್ಯಾಂಪಲ್ ಒಯ್ಯುವುದು, ಟ್ರಾಲಿ ತಳ್ಳುವುದು, ಕೊಳೆ ಒರೆಸುವುದು ಆಸ್ಪತ್ರೆಯ ಕೆಲಸ. ಅದಕ್ಕೆ ಆಳು ಬೇಕು, ಆಳಿಗೆ ನ್ಯಾಯವಾದ ಸಂಬಳ ಬೇಕು. ಗುತ್ತಿಗೆಯ ಮೇಲೆ ಬಂದ ಕೈಗಳಿಗೂ ಲಸಿಕೆ, ತರಬೇತಿ ಬೇಕು. ಆ ದಿನ ಬರುವವರೆಗೆ ಒಳಗಿರುವ ಒಬ್ಬರಿಗೆ ಐದು ನಿಮಿಷ ಹೇಳಿಕೊಡಿ: ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ ಕೈ ಉಜ್ಜಿಕೊಳ್ಳಿ, ಪಕ್ಕದ ರೋಗಿಯನ್ನು ಮುಟ್ಟಬೇಡಿ, ಮೂತ್ರದ ಚೀಲವನ್ನು ಎತ್ತಿ ಹಿಡಿಯಬೇಡಿ, ನೆಲಕ್ಕೂ ತಾಗಿಸಬೇಡಿ. ಚಿತ್ರದಲ್ಲಿ ತೋರಿಸಿದರೆ ಭಾಷೆಯ ತೊಡಕೂ ಇಲ್ಲ. ಒಂದೊಂದು ಟ್ರಾಲಿಯ ತಲೆದಿಸೆಗೆ ಒಂದೊಂದು ಸ್ಯಾನಿಟೈಸರ್ ಬಾಟಲಿ ಸಿಕ್ಕಿಸಿ.

ಯಾವ ರೋಗಿ ಎಮರ್ಜೆನ್ಸಿಯಲ್ಲಿ ಎಷ್ಟು ಗಂಟೆ ಇದ್ದ ಎಂಬ ಲೆಕ್ಕವನ್ನು ದಿನದಿನವೂ ಬೋರ್ಡಿನ ಮೇಲೆ ಬರೆಯಲಿ. ಆ ಗಂಟೆಗಳ ಹೊಣೆ ಎಮರ್ಜೆನ್ಸಿಯ ಡ್ಯೂಟಿ ಡಾಕ್ಟರದಾಗದೆ ಇಡೀ ಆಸ್ಪತ್ರೆಯ ಮುಖ್ಯಸ್ಥರದಾಗಲಿ, ಏಕೆಂದರೆ ತೂಬಿನ ಕೀಲಿ ಇರುವುದು ಅವರ ಬಳಿ. 250 ಬೆಡ್ಡಿಗೆ ಒಬ್ಬರಾದರೂ ಸೋಂಕು ತಡೆಗೆಂದೇ ಪೂರ್ಣ ಸಮಯದ ತಜ್ಞರಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥವರಿದ್ದ ಕಡೆಯಲ್ಲೂ ಅವರ ಸುತ್ತಾಟ ಐಸಿಯು, ಆಪರೇಷನ್ ಥಿಯೇಟರಿಗೆ ನಿಲ್ಲದೆ ಎಮರ್ಜೆನ್ಸಿಯ ಬೆಂಚಿನವರೆಗೆ ಬರಲಿ.

ಇಷ್ಟಕ್ಕೆಲ್ಲ ದುಡ್ಡೆಲ್ಲಿ ಅನ್ನುವವರಿಗೆ ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದಂತೆ, ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆಗೆ ಸೇರಿದ 100 ಜನರಲ್ಲಿ 7 ಮಂದಿಗೆ ಅಲ್ಲಿ ಹೊಸದಾಗಿ ಸೋಂಕು ತಗುಲುತ್ತದೆ. ನಮ್ಮಂಥ ದೇಶಗಳಲ್ಲಿ 15 ಮಂದಿಗೆ. ಹಾಗೆ ಸೋಂಕು ತಗುಲಿದವರಲ್ಲಿ ಹತ್ತರಲ್ಲಿ ಒಬ್ಬರು ಉಳಿಯುವುದಿಲ್ಲ. ಆ ಹೆಚ್ಚುವರಿ ಜನ ಹಿಡಿದಿರುವ ಬೆಡ್ಡುಗಳು, ನುಂಗುವ ದುಬಾರಿ ಔಷಧಗಳು, ಅವರ ಮನೆಯವರು ಕಳೆದುಕೊಳ್ಳುವ ಕೂಲಿ, ಇದೆಲ್ಲವನ್ನೂ ನಾವು ಈಗಾಗಲೇ ತೆರುತ್ತಿದ್ದೇವೆ. ಮೇಲಿನ ವಾರ್ಡಿನಲ್ಲಿ ಬೆಡ್ ಸಿಗದಿರುವುದಕ್ಕೆ ಒಂದು ಕಾರಣ ಕೆಳಗೆ ಹತ್ತಿದ ಸೋಂಕೂ ಹೌದು.

ಈ ಎಣಿಕೆಯಲ್ಲಿ ಇನ್ನೂ ಸೇರದವರು ಸಾಲ ಮಾಡಿ, ರಜೆ ಹಾಕಿ, ಮನೆಗೆ ಬೀಗ ಹಾಕಿ ಬಂದು ಟ್ರಾಲಿಯ ಪಕ್ಕ ನಿಂತವರು. ರೋಗಿ ಗುಣವಾಗಿ ಮನೆಗೆ ಹೋದ ವಾರದ ಮೇಲೆ ಅವರಿಗೆ ಜ್ವರ ಬಂದರೆ ಅದು ಯಾವ ಆಸ್ಪತ್ರೆಯ ಲೆಕ್ಕಕ್ಕೂ ಸೇರುವುದಿಲ್ಲ. ಮುಂದಿನ ಸಲ ನಿಮ್ಮ ಊರಿನ ಆಸ್ಪತ್ರೆಯ ಬಗ್ಗೆ ಶಾಸಕರನ್ನೋ ಜಿಲ್ಲಾಧಿಕಾರಿಯನ್ನೋ ಕೇಳುವ ಅವಕಾಶ ಸಿಕ್ಕರೆ, ಹೊಸ ಕಟ್ಟಡ ಯಾವಾಗ ಎಂಬುದರ ಜೊತೆಗೆ ಇದನ್ನೂ ಕೇಳಿ: ಎಮರ್ಜೆನ್ಸಿಯಲ್ಲಿ ನಿನ್ನೆ ರಾತ್ರಿ ರೋಗಿಗಳ ಜೊತೆ ಎಷ್ಟು ಜನ ಇದ್ದರು, ಅವರು ಕೈ ತೊಳೆಯಲು ಎಷ್ಟು ನಲ್ಲಿಗಳಲ್ಲಿ ನೀರು ಬರುತ್ತಿತ್ತು? ಉತ್ತರ ಗೊತ್ತಿಲ್ಲ ಎಂದರೆ ಕೆಲಸ ಎಲ್ಲಿಂದ ಶುರುವಾಗಬೇಕೆಂಬುದು ಅವರಿಗೂ ತಿಳಿದಂತಾಯಿತು.